ನಾಟಕಕ್ಕೆ ತಂದ ದರಗು

ಸಂಕ್ರಾಂತಿ ಕಳೆಯಿತೆಂದರೆ ನಮ್ಮ ಕಡೆ ಎಲ್ಲರಿಗೂ ಒಂದೇ ಧಾವಂತ. ಮಳೆ ಹಿಡಿಯುವುದರೊಳಗೆ ಕೊಟ್ಟಿಗೆಗೆ ದರಗು ಆಗಬೇಕು. ಗಂಡಸರು, ಹೆಂಗಸರು, ರಜೆ ಇದ್ದರೆ ಕಾಲೇಜಿನ ಮಕ್ಕಳು, ಎಲ್ಲರೂ ಕಾಡಂಚಿಗೆ ಹೋಗಿ ಉದುರಿದ ಒಣ ಎಲೆ ಗುಡಿಸಿ, ಚೀಲಕ್ಕೆ ತುಂಬಿ, ತಲೆ ಮೇಲೆ ಹೊತ್ತು ತರುತ್ತಾರೆ. ದನದ ಕಾಲಡಿಗೆ ಹಾಸಿದರೆ ಗೊಬ್ಬರವಾಗುತ್ತದೆ. ಅಜ್ಜನ ಕಾಲದಿಂದ ನಡೆದು ಬಂದ ಕೆಲಸ. ಹಾವಿಗೆ ಹೆದರುವವರುಂಟು, ಕಾಡುಕೋಣಕ್ಕೆ ಹೆದರುವವರುಂಟು. ದರಗಿಗೆ ಹೆದರಿದವರನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ.

ಅದೇ ಹೊತ್ತಿಗೆ ಮಂಗ ಸತ್ತ ಸುದ್ದಿಯೂ ಬರುತ್ತದೆ. ಒಂದು ವಾರ ಕೊಪ್ಪದ ಕಡೆ, ಇನ್ನೊಂದು ವಾರ ನರಸಿಂಹರಾಜಪುರದ ಕಡೆ. ಅದರ ಹಿಂದೆಯೇ ಜ್ವರದ ಸುದ್ದಿ. ಮಂಗನ ಕಾಯಿಲೆಯಂತೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಮಾತಾಡಿಕೊಳ್ಳುತ್ತಾರೆ, ಬಸ್ಸು ಬಂದರೆ ಹತ್ತಿ ಹೋಗುತ್ತಾರೆ. ಕಾಯಿಲೆ ಯಾವಾಗಲೂ ಪಕ್ಕದ ಊರಿನದು.

ಭಂಡಿಗಡಿಯ ಪುಟ್ಟಪ್ಪನೂ ಹಾಗೇ ಅಂದುಕೊಂಡಿದ್ದ. ಅವನದು ಮೈಕ್ ಸೆಟ್ಟು, ಶಾಮಿಯಾನ, ಲೈಟಿನ ಬಾಡಿಗೆ ವ್ಯವಹಾರ. ಮದುವೆಯಿರಲಿ, ಸಂಘದ ವಾರ್ಷಿಕೋತ್ಸವವಿರಲಿ, ಅವನ ವ್ಯಾನೇ ಬರಬೇಕು. ಹೊಟ್ಟೆಪಾಡು ಅದಾದರೆ, ಹುಚ್ಚು ನಾಟಕದ್ದು. ವರ್ಷಕ್ಕೊಮ್ಮೆ ಊರಿನ ಹುಡುಗ ಹುಡುಗಿಯರನ್ನು ಸೇರಿಸಿ ಒಂದು ನಾಟಕ ಆಡಿಸದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಅದರಲ್ಲೂ ಅವನದೊಂದು ಹಟವಿತ್ತು. ರಂಗದ ಮೇಲೆ ಬರುವುದೆಲ್ಲ ಅಸಲಿಯೇ ಆಗಿರಬೇಕು. ಬಾವಿ ಬೇಕೆಂದರೆ ಬಣ್ಣ ಬಳಿದ ಡ್ರಮ್ಮು ಆಗುವುದಿಲ್ಲ, ಯಾರದ್ದಾದರೂ ಬಾವಿಯ ರಾಟೆ ಬಿಚ್ಚಿಕೊಂಡೇ ಬರಬೇಕು. ಒಂದು ವರ್ಷ ಅಡುಗೆಮನೆಯ ದೃಶ್ಯಕ್ಕೆ ನಿಜವಾದ ಒಲೆ ಹಚ್ಚಿಸಿದ್ದ. ಹೊಗೆಗೆ ಮುಂದಿನ ಸಾಲಿನವರೆಲ್ಲ ಕಣ್ಣೊರೆಸಿಕೊಂಡರು. ನಾಟಕ ನೋಡಿ ಅತ್ತರು ಎಂದು ಪುಟ್ಟಪ್ಪ ಬಹಳ ದಿನ ಹೇಳಿಕೊಂಡು ತಿರುಗಿದ.

ಈ ಸಲ ಪಂಚಾಯಿತಿಯವರೂ ಆರೋಗ್ಯ ಇಲಾಖೆಯವರೂ ಸೇರಿ, ಮಂಗನ ಕಾಯಿಲೆಯ ಮೇಲೊಂದು ನಾಟಕ ಮಾಡಿಸಿ ಎಂದು ಕೇಳಿದರು. ಮೊದಲು ಭಂಡಿಗಡಿಯಲ್ಲಿ, ಆಮೇಲೆ ಶೃಂಗೇರಿ ಹತ್ತಿರದ ಮೆಣಸೆಯಲ್ಲಿ, ಕೊನೆಗೆ ನರಸಿಂಹರಾಜಪುರದಲ್ಲಿ. ಕಥೆಯನ್ನು ಪುಟ್ಟಪ್ಪನೇ ಕಟ್ಟಿದ. ಕಮಲ ಎಂಬ ಹುಡುಗಿ ದರಗಿಗೆಂದು ಕಾಡಿಗೆ ಹೋಗುತ್ತಾಳೆ, ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚುತ್ತದೆ, ಜ್ವರ ಬರುತ್ತದೆ. ಅವಳ ದೊಡ್ಡಪ್ಪ ಒಬ್ಬ ತಿಳಿಗೇಡಿ. ‘ಎರಡು ದಿನ ನೋಡೋಣ, ತಾನಾಗೇ ಹೋಗ್ತದೆ’ ಎನ್ನುತ್ತಾನೆ. ಜನ ನಗಲಿ ಎಂದು ಪುಟ್ಟಪ್ಪ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿದ್ದ. ಕೊನೆಗೆ ಆಶಾ ಕಾರ್ಯಕರ್ತೆ ಬಂದು ಬುದ್ಧಿ ಹೇಳುತ್ತಾಳೆ, ಕಮಲ ಆಸ್ಪತ್ರೆಗೆ ಹೋಗಿ ಗುಣವಾಗುತ್ತಾಳೆ. ಆಸ್ಪತ್ರೆಯದ್ದು ಒಂದೇ ಸಾಲಿನ ಮಾತು. ಅದರಲ್ಲಿ ನೋಡುವಂಥದ್ದು ಏನಿದೆ ಎಂಬುದು ಅವನ ಲೆಕ್ಕ. ಅವನ ಮನಸ್ಸೆಲ್ಲ ಕಮಲ ಕಾಡಿನಲ್ಲಿ ಬಿದ್ದು ನಡುಗುವ ದೃಶ್ಯದ ಮೇಲಿತ್ತು.

ಕಮಲಳ ಪಾತ್ರ ಅವನ ತಂಗಿ ಸುಲೋಚನಮ್ಮನ ಮಗಳು ನಿಶ್ಚಿತಾಳದ್ದು. ಕೊಪ್ಪದಲ್ಲಿ ಬಿ.ಎ. ಓದುತ್ತಿದ್ದ ಹುಡುಗಿ. ಬಾಯಿ ತುಂಬ ಮಾತು, ಒಮ್ಮೆ ಕೇಳಿದ ಸಂಭಾಷಣೆ ಮತ್ತೆ ಮರೆಯುತ್ತಿರಲಿಲ್ಲ. ತಿಳಿಗೇಡಿ ದೊಡ್ಡಪ್ಪನಾಗಿ ಯಶವಂತ, ಆಶಾ ಕಾರ್ಯಕರ್ತೆಯಾಗಿ ಗಗನಾ. ಇಬ್ಬರೂ ಅವಳ ಜೊತೆಗೇ ಓದುವವರು.

ಊರಿನ ನಿಜವಾದ ಆಶಾ ಕಾರ್ಯಕರ್ತೆ ರಶ್ಮಿ ಒಂದು ಸಂಜೆ ರಿಹರ್ಸಲ್ಲಿಗೆ ಬಂದು ಮಕ್ಕಳಿಗೆ ಎಲ್ಲ ವಿವರಿಸಿದಳು. ಕಾಡಿನಲ್ಲಿ ಮಂಗ ಈ ಕಾಯಿಲೆಯಿಂದ ಸತ್ತರೆ ಅದರ ಮೈಮೇಲಿನ ಉಣುಗು ಕೆಳಗಿಳಿದು ದರಗಿನಲ್ಲಿ ಸೇರಿಕೊಳ್ಳುತ್ತದೆ. ಮನುಷ್ಯ ಹತ್ತಿರ ಬಂದರೆ ಮೈಗೆ ಹತ್ತುತ್ತದೆ. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಬೇಕು. ಮಕ್ಕಳು ತಲೆಯಾಡಿಸಿದರು. ಪುಟ್ಟಪ್ಪನೂ ತಲೆಯಾಡಿಸಿ, ಅವಳು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಗಗನಾಳ ಬಾಯಿಗೆ ಹಾಕಿದ.

ಮರುದಿನ ಸಮುದಾಯ ಭವನದ ಬರಿಯ ಸಿಮೆಂಟ್ ನೆಲ ನೋಡಿ ಅವನಿಗೆ ತಡೆಯಲಿಲ್ಲ. ಇದು ಕಾಡಾ, ರೇಷನ್ ಅಂಗಡಿಯಾ ಎಂದು ಗೊಣಗಿದ. ಹುಡುಗರನ್ನು ಕಾಡಂಚಿಗೆ ಕಳಿಸಿ ಚೀಲಗಟ್ಟಲೆ ದರಗು ತರಿಸಿದ. ನಿಶ್ಚಿತಾಗೆ ಆವತ್ತು ಕಾಲೇಜಿನಲ್ಲಿ ಟೆಸ್ಟ್ ಇತ್ತು, ಅವಳು ಹೋಗಿರಲಿಲ್ಲ. ದರಗನ್ನು ಒಂದು ಬೆಳಿಗ್ಗೆ ಬಿಸಿಲಿಗೆ ಹರಡಿ, ಭವನದ ತುಂಬ ಹಾಸಿದರು. ಕಾಲಿಟ್ಟರೆ ಸರಸರ ಸದ್ದು. ಪುಟ್ಟಪ್ಪನಿಗೆ ಹಬ್ಬ ಬಂದಷ್ಟು ಖುಷಿ.

ಮುಂದಿನ ಸಲ ಬಂದಾಗ ರಶ್ಮಿ ಬಾಗಿಲಲ್ಲೇ ನಿಂತುಬಿಟ್ಟಳು.

“ಪುಟ್ಟಪ್ಪಣ್ಣ, ನಾಟಕದಲ್ಲಿ ಎಂತ ಹೇಳ್ತಿದ್ದೀರಿ, ನೆಲಕ್ಕೆ ಎಂತ ಹಾಸಿದ್ದೀರಿ?”

“ಬಿಸಿಲಿಗೆ ಹಾಕಿ ತಂದದ್ದು ಮಾರಾಯ್ತಿ. ನಮ್ಮೂರಲ್ಲಿ ಮಂಗ ಎಲ್ಲಿ ಸತ್ತಿದೆ? ದರಗಿಲ್ಲದ ಕಾಡನ್ನ ಯಾರು ನಂಬ್ತಾರೆ ಹೇಳು.”

ಅವಳು ತೆಗೆಸಿ ಎಂದಳು, ಅವನು ಪ್ರದರ್ಶನ ಮುಗಿದ ಕೂಡಲೇ ತೆಗೆಸುತ್ತೇನೆ ಎಂದ. ಮಕ್ಕಳಾದರೂ ದಿನಾ ಎಣ್ಣೆ ಹಚ್ಚಿಕೊಳ್ಳಲಿ ಎಂದು ಅವಳು ಒಂದು ಬಾಟಲಿ ಡೆಪಾ ಬಿಟ್ಟುಹೋದಳು. ಆ ಬಾಟಲಿ ಪುಟ್ಟಪ್ಪನ ಕಣ್ಣಿಗೆ ಬಿತ್ತು. ಅಸಲಿ ಬಾಟಲಿ! ಗಗನಾ ದಿನಾ ಅದನ್ನು ಎತ್ತಿ ಹಿಡಿದು ‘ಇದನ್ನು ಹಚ್ಚಿಕೊಳ್ಳಿ’ ಎಂದು ಸಂಭಾಷಣೆ ಹೇಳುತ್ತಿದ್ದಳು, ಮತ್ತೆ ಕಿಟಕಿಯ ಮೇಲೆ ಇಡುತ್ತಿದ್ದಳು. ಮುಚ್ಚಳವನ್ನು ಯಾರೂ ತೆಗೆಯಲಿಲ್ಲ.

ಹೀಗೇ ಹತ್ತು ದಿನ ಆಗಿರಬಹುದು. ನಿಶ್ಚಿತಾ ದಿನಾ ಸಂಜೆ ಆ ದರಗಿನ ಮೇಲೆ ಬೀಳುತ್ತಿದ್ದಳು, ಹೊರಳುತ್ತಿದ್ದಳು, ನಡುಗುತ್ತಿದ್ದಳು. ಪುಟ್ಟಪ್ಪನಿಗೆ ಸಮಾಧಾನವಿಲ್ಲ. ಈ ನಡುಕದಲ್ಲಿ ಜೀವ ಇಲ್ಲ, ಮತ್ತೊಮ್ಮೆ ಮಾಡು ಎನ್ನುತ್ತಿದ್ದ. ಒಂದು ಸಂಜೆ ಅವಳು ಬಿದ್ದದ್ದು ಬೇರೆ ಥರವಾಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು, ಹಣೆ ಬೆವರುತ್ತಿತ್ತು. ಪುಟ್ಟಪ್ಪ ಕುರ್ಚಿಯಿಂದ ಎದ್ದು ನಿಂತ. ನೋಡಿ ಕಲಿಯಿರಿ, ಇವತ್ತು ಇವಳಿಗೆ ಪಾತ್ರ ಒಲಿಯಿತು ಎಂದು ಉಳಿದವರಿಗೆ ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು. ನಾಟಕದಲ್ಲಿ ಅವಳನ್ನು ಎತ್ತಬೇಕಾದವನು ಯಶವಂತ. ಅವನು ಬಗ್ಗಿ ಅವಳ ಕೈ ಹಿಡಿದವನು ತಟ್ಟನೆ ತಲೆ ಎತ್ತಿದ.

“ಪುಟ್ಟಪ್ಪಣ್ಣ, ಇವಳು ಆಕ್ಟಿಂಗ್ ಮಾಡ್ತಿಲ್ಲ. ಮೈ ಸುಡ್ತಾ ಇದೆ.”

ಮನೆಗೆ ಕರೆತಂದು ಮಲಗಿಸಿದರು. ತಲೆ ಸಿಡಿದುಹೋಗುವ ನೋವು, ಸೊಂಟ ಕಾಲು ಎಲ್ಲ ಸೆಳೆತ. ಸುದ್ದಿ ತಿಳಿದು ರಶ್ಮಿ ಓಡಿ ಬಂದಳು. ನಾಳೆ ಬೆಳಿಗ್ಗೆಯೇ ಕೊಪ್ಪಕ್ಕೆ ಕರೆದುಕೊಂಡು ಹೋಗಿ, ರಕ್ತ ಪರೀಕ್ಷೆ ಆಗಲಿ, ಚಿಕಿತ್ಸೆಗೆ ಕಾಸು ಕೊಡಬೇಕಿಲ್ಲ, ಬೇಕಾದರೆ ನಾನೂ ಬರುತ್ತೇನೆ ಎಂದಳು. ಸುಲೋಚನಮ್ಮ ಅಣ್ಣನ ಮುಖ ನೋಡಿದಳು. ಗಂಡ ತೀರಿಕೊಂಡ ಮೇಲೆ ಅವಳು ಯಾವುದನ್ನೂ ಅಣ್ಣನನ್ನು ಕೇಳದೆ ಮಾಡಿದವಳಲ್ಲ. ಅವಳಿಗೆ ಇನ್ನೊಂದು ಭಯವೂ ಇತ್ತು. ಮಂಗನ ಕಾಯಿಲೆ ಎಂದು ಹೆಸರು ಬಿದ್ದರೆ ಮನೆಗೆ ಯಾರೂ ಕಾಲಿಡುವುದಿಲ್ಲ, ಹುಡುಗಿಯ ಮದುವೆಗೂ ಅಡ್ಡಿ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆಯಲ್ಲ ಎಂದು ರಶ್ಮಿ ಹೇಳಿದಳು. ಹೆದರಿದವರ ಕಿವಿಗೆ ಅದು ಹೋಗಲಿಲ್ಲ.

ಪುಟ್ಟಪ್ಪನ ತಲೆಯಲ್ಲಿ ಭಾನುವಾರ ಕೂತಿತ್ತು. ಭಾನುವಾರ ಭಂಡಿಗಡಿಯ ಪ್ರದರ್ಶನ. ತಾಲ್ಲೂಕಿನ ಅಧಿಕಾರಿಗಳು ಬರುವವರಿದ್ದರು. ಕಮಲಳಿಲ್ಲದೆ ನಾಟಕವಿಲ್ಲ.

“ಎರಡು ದಿನ ನೋಡೋಣ ರಶ್ಮಿ” ಎಂದ. “ರಿಹರ್ಸಲ್ ಸುಸ್ತು, ಧೂಳು ಬೇರೆ. ತಾನಾಗೇ ಹೋಗ್ತದೆ.”

ಇದು ಅವನೇ ಕಟ್ಟಿದ ಮಾತು. ಯಶವಂತನಿಗೆ ಯಾವ ದನಿಯಲ್ಲಿ ಹೇಳಬೇಕು, ಎಲ್ಲಿ ಕೈ ಬೀಸಬೇಕು ಎಂದು ತಿದ್ದಿ ತಿದ್ದಿ ಕಲಿಸಿದ್ದವನೂ ಅವನೇ. ಈಗ ಅದೇ ದನಿಯಲ್ಲಿ, ಹಾಗೇ ಕೈ ಬೀಸಿ ಹೇಳಿದ. ಹೇಳಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಎಂಥ ಮರುಳು ನೋಡಿ ಮನುಷ್ಯನದ್ದು.

ಮೆಡಿಕಲ್ ಶಾಪಿನಿಂದ ಜ್ವರಕ್ಕೂ ನೋವಿಗೂ ತಾನೇ ಕೇಳಿ ಮಾತ್ರೆ ತಂದ. ಮಾತ್ರೆ ನುಂಗಿದರೆ ಜ್ವರ ಸ್ವಲ್ಪ ಇಳಿಯುವುದು, ಮತ್ತೆ ಏರುವುದು. ಪಾತ್ರವನ್ನು ಗಗನಾಗೆ ಕೊಡಲೇ ಎಂದು ಶನಿವಾರ ಅವನು ಕೇಳಿದ್ದು ನಿಜ. ನಿಶ್ಚಿತಾಳೇ ಒಪ್ಪಲಿಲ್ಲ.

“ಬೇಡಿ ಮಾವ. ಅಷ್ಟು ದಿನ ಮಾಡಿ ಈಗ ಬೇರೆಯವರಿಗೆ ಕೊಡಬೇಡಿ. ನಾನು ಮಾಡ್ತೀನಿ.”

ಹತ್ತೊಂಬತ್ತರ ಹುಡುಗಿ ಹಾಗೇ ಹೇಳುತ್ತಾಳೆ. ಬೇಡ ಎನ್ನಬೇಕಾದವನು ನಾಟಕ ಮಾಡಿಸುವವನು. ಅವನು ಬೇಡ ಎನ್ನಲಿಲ್ಲ.

ಭಾನುವಾರ ಅವಳು ಮಾಡಿದಳು. ಊರೇ ಅತ್ತಿತು. ಕೆಂಪಾದ ಅವಳ ಕಣ್ಣು ನೋಡಿ ಮುಂದಿನ ಸಾಲಿನವರು ಮೇಕಪ್ಪನ್ನು ಹೊಗಳಿದರು. ಅಧಿಕಾರಿಯೊಬ್ಬರು ಶಾಲು ಹೊದಿಸಿದರು. ವ್ಯಾನಿನ ಹತ್ತಿರ ಬಂದವಳೇ ನಿಶ್ಚಿತಾ ಶಾಲಿನ ಸಮೇತ ಕುಸಿದು ಕೂತಳು.

ಒಂದೆರಡು ದಿನ ಕಳೆದ ಮೇಲೆ ಜ್ವರ ಬಿಟ್ಟಿತು. ಗಂಜಿ ಕುಡಿದಳು, ನಕ್ಕಳು, ಮೆಣಸೆಯ ಪ್ರದರ್ಶನಕ್ಕೆ ಯಾವ ಸೀರೆ ಎಂದು ಕೇಳಿದಳು. ಪುಟ್ಟಪ್ಪ ದಾರಿಯಲ್ಲಿ ರಶ್ಮಿಯನ್ನು ನಿಲ್ಲಿಸಿ, ನೋಡಿದೆಯಾ, ಸುಮ್ಮನೆ ಹೆದರಿಸಿದೆ ಎಂದ. ಅವಳು ನಗಲಿಲ್ಲ. ಈ ಜ್ವರ ಕೆಲವರಿಗೆ ಬಿಟ್ಟ ಹಾಗೆ ಮಾಡಿ ತಿರುಗಿ ಬರುತ್ತದೆ, ಎರಡನೇ ಸಲ ತಲೆಗೆ ಏರುತ್ತದೆ, ಈಗಲಾದರೂ ಪರೀಕ್ಷೆ ಮಾಡಿಸಿ ಎಂದಳು. ಎದ್ದು ಓಡಾಡುವ ಹುಡುಗಿಯನ್ನು ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಎಂದು ಅವನು ಮುಂದೆ ಹೋದ.

ಮುಂದಿನ ವಾರ ಅದು ತಿರುಗಿ ಬಂತು. ತಲೆ ಹಿಡಿದುಕೊಂಡು ಕೂಗಿದಳು, ವಾಂತಿ ಮಾಡಿದಳು. ಕೈ ನಡುಗಿ ಲೋಟ ಹಿಡಿಯಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸ್ವಂತ ತಾಯಿಯನ್ನು ನೋಡಿ, ಇವರು ಯಾರು ಎಂದಳು. ಪುಟ್ಟಪ್ಪ ವ್ಯಾನಿನಿಂದ ಸ್ಪೀಕರುಗಳನ್ನು ಅಂಗಳಕ್ಕೆ ಇಳಿಸಿ, ಅವಳನ್ನು ಮಲಗಿಸಿಕೊಂಡು ಕೊಪ್ಪಕ್ಕೆ ಓಡಿಸಿದ. ಅಲ್ಲಿಂದ ಆಂಬುಲೆನ್ಸಿನಲ್ಲಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ. ಜ್ವರ ಶುರುವಾಗಿ ಎಷ್ಟು ದಿನ, ಯಾವ ಮಾತ್ರೆ ಕೊಟ್ಟಿರಿ, ಕಾಡಿಗೆ ಹೋಗಿದ್ದಳೇ ಎಂದು ಡಾಕ್ಟರು ಕೇಳಿದರು. ಅವಳು ಕಾಡಿಗೆ ಹೋಗಿರಲಿಲ್ಲ. ಕಾಡನ್ನೇ ಪುಟ್ಟಪ್ಪ ಅವಳ ಕಾಲಡಿಗೆ ತಂದು ಹಾಸಿದ್ದ.

ನಿಶ್ಚಿತಾ ಜೀವಂತವಾಗಿ ಮನೆಗೆ ಬರಲಿಲ್ಲ. ಮೊದಲೇ ತಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದ್ದು ಸುಲೋಚನಮ್ಮ. ಡಾಕ್ಟರು ಸುಳ್ಳು ಹೇಳಲಿಲ್ಲ.

“ಖಂಡಿತ ಉಳಿಯುತ್ತಿದ್ದಳು ಅಂತ ನಾನು ಹೇಳಲಾರೆ ಅಮ್ಮ. ಆದರೆ ನಮ್ಮ ಕೈಗೆ ದಿನಗಳು ಸಿಗ್ತಿದ್ದವು. ಅವು ಸಿಗಲಿಲ್ಲ.”

ಮಣ್ಣು ಮಾಡುವ ದಿನ ಜನ ಬಂದರು, ಅಂಗಳದಾಚೆಯೇ ನಿಂತರು. ಕಾಯಿಲೆ ಅಂಟುತ್ತದೆಂಬ ಹೆದರಿಕೆ. ರಶ್ಮಿ ಒಬ್ಬಳೇ ಒಳಗೆ ಹೋಗಿ ಸುಲೋಚನಮ್ಮನ ಪಕ್ಕ ಕೂತು, ಆ ಮನೆಯ ಕಾಫಿ ಕುಡಿದಳು. ಅದನ್ನು ನೋಡಿ ಒಬ್ಬೊಬ್ಬರೇ ಹೆಂಗಸರು ಒಳಗೆ ಬಂದರು. ಆರೋಗ್ಯ ಇಲಾಖೆಯವರು ಬಂದು ಸಮುದಾಯ ಭವನದ ದರಗು ತೆಗೆಸಿ ಔಷಧಿ ಹೊಡೆಸಿದರು, ಉಳಿದ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದರು. ಅವರಿಗೆ ಏನೂ ಆಗಿರಲಿಲ್ಲ, ಅದೊಂದು ಪುಣ್ಯ.

ಸುಲೋಚನಮ್ಮ ಅಣ್ಣನೊಂದಿಗೆ ಜಗಳ ಮಾಡಲಿಲ್ಲ. ಮಾತು ಬಿಟ್ಟಳು, ಅಷ್ಟೆ. ಎರಡು ಮನೆಗಳ ನಡುವಿನ ಬೇಲಿಯಲ್ಲಿ ಓಡಾಡಲು ಇದ್ದ ದಣಪೆಗೆ ಮುಳ್ಳು ಹಾಕಿಸಿದಳು. ಅವಳು ಕೂಗಾಡಿದ್ದರೆ ಪುಟ್ಟಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಇನ್ನು ನಾಟಕದ ಸುದ್ದಿ ಬೇಡ ಎಂದು ಅವನು ತೀರ್ಮಾನಿಸಿದ್ದ. ಆದರೆ ಮೆಣಸೆಯವರು ದಿನ ಗೊತ್ತುಮಾಡಿಯಾಗಿತ್ತು, ಆ ಕಡೆಯೂ ಮಂಗ ಸತ್ತಿತ್ತು. ಯಶವಂತ, ಗಗನಾ ಬಂದು ಮಾಡಲೇಬೇಕು ಎಂದು ಕೂತರು. ಪುಟ್ಟಪ್ಪ ಒಪ್ಪಿದ. ಆದರೆ ಕೊನೆ ಬದಲಾಗಬೇಕು ಎಂದ. ಕಮಲ ಗುಣವಾಗುವುದಿಲ್ಲ, ಸಾಯುತ್ತಾಳೆ. ಆದದ್ದು ಅದೇ ತಾನೆ. ನಡೆದದ್ದನ್ನು ಬಿಟ್ಟು ಬೇರೆ ತೋರಿಸಲು ಅವನಿಗೆ ಬರುವುದಿಲ್ಲ.

ಅವನ ಅಂಗಳದಲ್ಲೇ ರಿಹರ್ಸಲ್ ಶುರುವಾಯಿತು. ಗಗನಾ ಕಮಲಳಾಗಿ ನೆಲದ ಮೇಲೆ ಮಲಗಿದಳು. ಯಶವಂತ ದೊಡ್ಡಪ್ಪನಾಗಿ ಅವಳ ತಲೆಯ ಹತ್ತಿರ ಕೂತು ಅಳತೊಡಗಿದ. ಅವನು ಆಡಬೇಕಾದ ಮಾತು ಬರಲಿಲ್ಲ, ಅಳುವೇ ಬಂತು. ಬೇಲಿಯಾಚೆ ಯಾರೋ ನಿಂತದ್ದು ಪುಟ್ಟಪ್ಪನಿಗೆ ಕಂಡಿತು. ಸುಲೋಚನಮ್ಮ ಮುಳ್ಳಿನ ಆ ಬದಿಯಲ್ಲಿ ನಿಂತು ನೋಡುತ್ತಿದ್ದಳು.

“ಕೊನೆ ಹಂಗೆ ಬೇಡ ಅಣ್ಣಯ್ಯ” ಎಂದಳು.

ಎಷ್ಟೋ ದಿನದ ಮೇಲೆ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ಪುಟ್ಟಪ್ಪ ಬೇಲಿಯ ಹತ್ತಿರ ಬಂದ.

“ಆದದ್ದು ಅದೇ ಅಲ್ವಾ ಸುಲೋಚನ. ಸುಳ್ಳು ತೋರ್ಸೋಕೆ ನಂಗೆ ಬರಲ್ಲ.”

“ಸತ್ತದ್ದನ್ನ ನೋಡಿದ್ರೆ ಜನ ಅಳ್ತಾರೆ, ಮನೆಗೆ ಹೋಗ್ತಾರೆ. ನಮ್ಮೂರಲ್ಲಿ ಎಲ್ಲರೂ ಅತ್ತರಲ್ಲ, ಎಂತ ಆಯ್ತು? ಆಸ್ಪತ್ರೆಗೆ ಹೋಗೋದನ್ನ ನೀನು ಒಂದೇ ಮಾತಲ್ಲಿ ಮುಗ್ಸಿದ್ದೆ. ಅದನ್ನ ತೋರ್ಸು. ಯಾರಿಗೆ ಫೋನ್ ಮಾಡೋದು, ಅಲ್ಲಿ ಹೋಗಿ ಎಂತ ಹೇಳೋದು, ಎಲ್ಲಾ ತೋರ್ಸು. ನಂಗೆ ಆವತ್ತು ಅದು ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ನಿನ್ನ ಮುಖ ನೋಡ್ಕೊಂಡು ಕೂರ್ತಿರಲಿಲ್ಲ.”

ಅಷ್ಟು ಹೇಳಿ ಒಳಗೆ ಹೋದಳು. ಪುಟ್ಟಪ್ಪ ಅಂಗಳದಲ್ಲೇ ಕೂತು ಮಕ್ಕಳ ಮುಂದೆ ಅತ್ತ.

ಮೆಣಸೆಯ ಶಾಲೆಯ ಬಯಲಿನಲ್ಲಿ ಮಧ್ಯಾಹ್ನ ನಾಟಕ ನಡೆಯಿತು. ನೆಲದ ಮೇಲೆ ಒಂದು ಎಲೆಯೂ ಇರಲಿಲ್ಲ. ಗಗನಾ ಕಮಲಳಾದಳು, ಆಶಾ ಕಾರ್ಯಕರ್ತೆಯಾಗಿ ರಶ್ಮಿಯೇ ನಿಂತಳು. ನಡುಕ, ನರಳಾಟ ಎಲ್ಲ ಒಂದು ಗಳಿಗೆಯಲ್ಲಿ ಮುಗಿಯಿತು. ಉಳಿದದ್ದೆಲ್ಲ ಆಸ್ಪತ್ರೆಯ ದಾರಿ. ಜ್ವರ ಬಂದ ದಿನವೇ ಫೋನ್, ಹೆದರುವ ತಾಯಿ, ಇದು ಅಂಟುವುದಿಲ್ಲ ಎಂಬ ಮಾತು, ಡಾಕ್ಟರಿಗೆ ‘ನಾವು ದರಗು ತಂದಿದ್ದೆವು, ಉಣುಗು ಇದ್ದಿರಬಹುದು’ ಎಂದು ಮರೆಯದೆ ಹೇಳುವುದು, ರಕ್ತ ಪರೀಕ್ಷೆ, ಜ್ವರ ಬಿಟ್ಟ ಮೇಲೂ ಡಾಕ್ಟರು ಹೇಳಿದ ದಿನ ಮತ್ತೆ ಹೋಗುವುದು. ಇದರಲ್ಲಿ ಅಳುವಂಥದ್ದು ಏನೂ ಇರಲಿಲ್ಲ, ಚಪ್ಪಾಳೆಯೂ ಬೀಳಲಿಲ್ಲ. ಜನ ಸುಮ್ಮನೆ ಕೂತು ನೋಡಿದರು. ಸುಲೋಚನಮ್ಮ ಬಸ್ಸಿನಲ್ಲಿ ಒಬ್ಬಳೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಗಗನಾ ಗುಣವಾಗಿ ಎದ್ದು ನಿಂತಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮುಗಿದ ಮೇಲೆ ಒಬ್ಬ ಹೆಂಗಸು ಹಿಂಜರಿಯುತ್ತಾ ಪುಟ್ಟಪ್ಪನ ಹತ್ತಿರ ಬಂದಳು.

“ನಮ್ಮ ಮಾಣಿಗೆ ನಿನ್ನೆಯಿಂದ ಜ್ವರ. ಕಣ್ಣು ಕೆಂಪಾಗಿದೆ. ನಾಳೆ ಬೆಳಿಗ್ಗೆ ಹೋದ್ರೆ ಆಗದಾ?”

ಪುಟ್ಟಪ್ಪ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸುಲೋಚನಮ್ಮ, ಆಗುವುದಿಲ್ಲ, ಈಗಲೇ ಹೊರಡಿ ಎಂದಳು. ವ್ಯಾನು ಖಾಲಿ ಮಾಡಿದರು. ಹುಡುಗನನ್ನು ಮನೆಯಿಂದ ಎತ್ತಿಕೊಂಡು ಬಂದು ಮಲಗಿಸಿದರು. ಸುಲೋಚನಮ್ಮ ಯಾರನ್ನೂ ಕೇಳದೆ ವ್ಯಾನು ಹತ್ತಿ, ಆ ತಾಯಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಪುಟ್ಟಪ್ಪ ಶೃಂಗೇರಿಯ ಕಡೆಗೆ ವ್ಯಾನು ತಿರುಗಿಸಿದ.

ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದೇ ಬಂತು. ಹುಡುಗ ಬಹಳ ದಿನ ಆಸ್ಪತ್ರೆಯಲ್ಲಿದ್ದ, ಉಳಿದುಕೊಂಡ. ಸುದ್ದಿ ಹೇಳಲು ಪುಟ್ಟಪ್ಪ ಬೇಲಿಯ ಹತ್ತಿರ ಹೋಗಿ ತಂಗಿಯನ್ನು ಕೂಗಿದ. ಅವಳು ಕೇಳಿಸಿಕೊಂಡಳು. ಒಳ್ಳೆಯದಾಯಿತು ಎಂದಳು. ಆಮೇಲೆ, ನಮ್ಮ ಕೂಸನ್ನೂ ಹಂಗೇ ಕರ್ಕೊಂಡು ಹೋಗಬಹುದಿತ್ತು ಅಣ್ಣಯ್ಯ ಎಂದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಊರಿನ ಮಕ್ಕಳನ್ನು ಕಟ್ಟಿಕೊಂಡು ನಾಟಕ, ಆಟ, ಶಿಬಿರ ನಡೆಸುವವರೇ. ಚಳಿಗಾಲದಿಂದ ಮುಂಗಾರಿನವರೆಗೆ ಕಾಡಿನ ದರಗನ್ನು ಮಕ್ಕಳು ಕೂರುವ, ಮಲಗುವ ಜಾಗಕ್ಕೆ ತರಬೇಡಿ. ಕಾಡಿಗೆ ಹೋಗಲೇಬೇಕಾದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ಡೆಪಾ ಎಣ್ಣೆ ಪಡೆಯಿರಿ, ಪಡೆದದ್ದನ್ನು ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಪಂಚಾಯಿತಿಗೋ ಆಸ್ಪತ್ರೆಗೋ ತಿಳಿಸಿ. ಕಾಯಿಲೆ ಬಂದವರ ಮನೆಯನ್ನು ದೂರ ಮಾಡಬೇಡಿ, ಅದು ಅವರಿಂದ ನಿಮಗೆ ಬರುವುದಿಲ್ಲ. ಜ್ವರಕ್ಕೂ ಮೈಕೈ ನೋವಿಗೂ ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಿಸಬೇಡಿ. ಬಿಟ್ಟ ಜ್ವರ ತಿರುಗಿ ಬಂದರೆ ಇನ್ನೂ ಬೇಗ ಓಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇವತ್ತು ಜ್ವರ ಬಂದಿದ್ದರೆ, ಈ ಹಾಳೆಯನ್ನು ಇಲ್ಲೇ ಇಟ್ಟು, ಇವತ್ತೇ ಆಸ್ಪತ್ರೆಗೆ ಹೊರಡಿ.